ಅಟ್ಟದ ಹೊಗೆ ಬೇರೆ, ಅಂಗಳದ ಹೊಗೆ ಬೇರೆ: ಮನೆಯಲ್ಲಿ ಮಾಂಸ ಸ್ಮೋಕ್ ಮಾಡಲು ಹೊರಟವರಿಗೆ

ತೀರ್ಥಹಳ್ಳಿ ಕಡೆಯ ಹಳೆಯ ಮನೆಗಳಲ್ಲಿ ಒಲೆಯ ನೇರಕ್ಕೆ ಮೇಲೆ ಒಂದು ಅಟ್ಟ ಇರುತ್ತಿತ್ತು. ಮಳೆಗಾಲದ ನಾಲ್ಕು ತಿಂಗಳು ಬಿಸಿಲು ಮಾಡಬೇಕಾದ ಕೆಲಸವನ್ನೆಲ್ಲ ಆ ಅಟ್ಟವೇ ಮಾಡುತ್ತಿತ್ತು. ಹುಳಿಗೆ ಬಳಸುವ ಉಪ್ಪಾಗೆ ಹಣ್ಣಿನ ಸಿಪ್ಪೆ, ಬಿತ್ತನೆ ಬೀಜ, ನಾಳೆಗೆ ಬೇಕಾದ ಸೌದೆ, ಒಣಮೀನಿನ ಬುಟ್ಟಿ, ಎಲ್ಲಕ್ಕೂ ಅಲ್ಲೇ ಜಾಗ. ಹಂದಿ ಮಾಂಸ ಸಿಕ್ಕಿದರೆ ನಮ್ಮಜ್ಜಿ ಅದನ್ನು ಉದ್ದುದ್ದ ಸೀಳಿ, ಉಪ್ಪು ಅರಿಶಿನ ತಿಕ್ಕಿ, ಬಿದಿರ ಕಡ್ಡಿಗೆ ಪೋಣಿಸಿ ಒಲೆಯ ಮೇಲೆ ತೂಗುಬಿಡುತ್ತಿದ್ದರು. ದಿನಗಳು ಕಳೆದಂತೆ ಅದು ಕಪ್ಪಾಗಿ, ಕುಗ್ಗಿ, ತೊಗಲಿನಷ್ಟು ಗಟ್ಟಿಯಾಗುತ್ತಿತ್ತು. ಅದೇ ಉಪ್ಪುಖಂಡ. ಹೊರಗೆ ಜಡಿಮಳೆ ಹಿಡಿದ ದಿನ ಬಿಸಿನೀರಲ್ಲಿ ನೆನೆಸಿ, ಜಜ್ಜಿ, ಕಾಳುಮೆಣಸು ಹಾಕಿ ಹುರಿದರೆ ಗಂಜಿಯ ಜೊತೆ ಅದಕ್ಕಿಂತ ಬೇರೇನೂ ಬೇಡ.

ಈಗ ಊರಲ್ಲಿ ಹೊಸ ಆಸೆ ಶುರುವಾಗಿದೆ. ವಿಡಿಯೊಗಳಲ್ಲಿ ಅಮೆರಿಕದವರು ಹತ್ತು ಹನ್ನೆರಡು ಗಂಟೆ ಹೊಗೆಯಲ್ಲಿಟ್ಟ ಮಾಂಸವನ್ನು ಬೆರಳಲ್ಲೇ ಎಳೆ ಎಳೆಯಾಗಿ ಬಿಡಿಸುವುದನ್ನು ನೋಡಿದ ಹುಡುಗರು, "ಅಣ್ಣ, ಯಾವ ಸ್ಮೋಕರ್ ತಗೊಂಡ್ರೆ ಒಳ್ಳೇದು?" ಎಂದು ಕೇಳುತ್ತಾರೆ. ಸ್ಮೋಕರ್, ಅಂದರೆ ಮಾಂಸವನ್ನು ಹೊಗೆಯಲ್ಲಿ ಬೇಯಿಸುವ ಮುಚ್ಚಳದ ಒಲೆ, ಅದರ ವಿಷಯ ಆಮೇಲೆ. ಅಟ್ಟದಲ್ಲಿ ಆಗುತ್ತಿದ್ದ ಕೆಲಸ ಒಂದು, ಅಂಗಳದಲ್ಲಿ ಈಗ ಮಾಡಲು ಹೊರಟಿರುವ ಕೆಲಸ ಇನ್ನೊಂದು. ಇದು ತಲೆಗೆ ಹೋಗದೆ ಎಷ್ಟು ದುಡ್ಡಿನ ಸಾಮಾನು ತಂದರೂ ಮಾಂಸ ಕಹಿಯಾಗುತ್ತದೆ. ಇಲ್ಲವೇ ಹೊಟ್ಟೆ ಕೆಡುತ್ತದೆ.

ಅಟ್ಟದ ಮೇಲೆ ನಡೆಯುತ್ತಿದ್ದದ್ದು ಒಣಗಿಸುವ ಕೆಲಸ. ಮಾಂಸ ಕೆಡದಂತೆ ಕಾಯುತ್ತಿದ್ದದ್ದು ಒಂದು ಉಪ್ಪು, ಇನ್ನೊಂದು ನೀರಿನಂಶ ಆರಿಹೋಗಿರುವುದು. ಹೊಗೆ ನೊಣವನ್ನು ದೂರ ಇಡುತ್ತಿತ್ತು, ಮೇಲ್ಮೈಗೆ ಬೂಷ್ಟು ಹಿಡಿಯುವುದನ್ನು ತಡೆಯುತ್ತಿತ್ತು, ಅಷ್ಟೇ. ಅಂಗಳದ ಸ್ಮೋಕಿಂಗ್ ಎಂದರೆ ಅಡುಗೆ. ಸುಮಾರು 110ರಿಂದ 120 ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿಯಲ್ಲಿ ಮಾಂಸ ನಿಧಾನವಾಗಿ ಬೇಯುತ್ತದೆ, ಬೇಯುವಾಗ ಒಂದಿಷ್ಟು ಹೊಗೆಯ ಪರಿಮಳ ಹಿಡಿಯುತ್ತದೆ. ಬೇಯಿಸುವುದು ಶಾಖ, ಹೊಗೆ ಒಗ್ಗರಣೆಯಿದ್ದ ಹಾಗೆ. ಹೀಗೆ ಆದ ಮಾಂಸ ಒಳಗೆ ರಸ ತುಂಬಿ ಮೆತ್ತಗಿರುತ್ತದೆ. ಆದ್ದರಿಂದಲೇ ಅದು ಉಪ್ಪುಖಂಡದ ಹಾಗೆ ತಿಂಗಳುಗಟ್ಟಲೆ ಇರುವುದಿಲ್ಲ.

ಕೋಲ್ಡ್ ಸ್ಮೋಕಿಂಗ್ ಎಂಬ ಮೂರನೆಯ ದಾರಿಯೂ ಇದೆ. 30 ಡಿಗ್ರಿಗಿಂತ ಕೆಳಗಿನ ತಣ್ಣನೆ ಹೊಗೆಯಲ್ಲಿ ಗಂಟೆಗಟ್ಟಲೆ, ದಿನಗಟ್ಟಲೆ ಇಡುವುದು. ಯುರೋಪಿನ ಚಳಿ ದೇಶಗಳ ವಿದ್ಯೆ ಅದು. ನಮ್ಮ ಹವೆಯಲ್ಲಿ, ಉಪ್ಪು ಮತ್ತು ಮಾಂಸ ಕೆಡದಂತೆ ಹಾಕುವ ನೈಟ್ರೈಟ್ ಎಂಬ ಲವಣದ ಅಳತೆ ಕರಾರುವಾಕ್ಕಾಗಿ ಗೊತ್ತಿಲ್ಲದವರು ಅದಕ್ಕೆ ಕೈ ಹಾಕಲೇಬಾರದು. ಬೇಯದ ಮಾಂಸ, ಕಡಿಮೆ ಗಾಳಿ, ಬೆಚ್ಚಗಿನ ತೇವ, ಈ ಮೂರೂ ಸೇರಿದ ಕಡೆ ಬೊಟುಲಿಸಂ ವಿಷ ಹುಟ್ಟಿಸುವ ಬ್ಯಾಕ್ಟೀರಿಯಾಕ್ಕೆ ಬೇಕಾದ ವಾತಾವರಣವನ್ನು ನಾವೇ ಸಿದ್ಧ ಮಾಡಿಕೊಟ್ಟಂತೆ. ಆ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಹಾಗಾಗಿ ಇಲ್ಲಿಂದ ಮುಂದೆ ಹೇಳುವುದೆಲ್ಲ ಬಿಸಿ ಹೊಗೆಯ ಬಗ್ಗೆ ಮಾತ್ರ.

ಹೊಗೆ ಅಂದರೆ ಏನು

ನಾನು ಮೊದಲ ಸಲ ಮಾಡಿದ್ದು ಒಂದು ಜುಲೈ ತಿಂಗಳಲ್ಲಿ. ಹಿತ್ತಲಲ್ಲಿ ಟಾರ್ಪಾಲು ಕಟ್ಟಿ, ಅರ್ಧ ಹಸಿ ಇದ್ದ ಹಲಸಿನ ಸೌದೆ ತುರುಕಿ, ಬಿಳಿ ಹೊಗೆ ದಟ್ಟವಾಗಿ ಏಳುವುದನ್ನು ಕಂಡು ಸರಿಯಾಗೇ ಆಗುತ್ತಿದೆ ಅಂದುಕೊಂಡೆ. ಮೂರು ಗಂಟೆ ಕಳೆದು ಮುಚ್ಚಳ ತೆಗೆದಾಗ ಕೋಳಿಯ ಚರ್ಮ ಹೊಳೆಯುವ ಕಪ್ಪು. ಬೆರಳಿಟ್ಟರೆ ಅಂಟು. ಬಾಯಿಗಿಟ್ಟ ಮೊದಲ ತುತ್ತಿಗೇ ನಾಲಗೆ ಜೋಮು ಹಿಡಿದಂತಾಯಿತು. ಒಲೆಯ ಮೇಲಿನ ಜಂತೆಗೆ ವರ್ಷಗಟ್ಟಲೆ ಹಿಡಿದು ಜೋತಾಡುವ ಇಲ್ಲಣ ಇದೆಯಲ್ಲ, ಅದೇ ವಾಸನೆ. ಕೋಳಿ ಪೂರ್ತಿ ಎಸೆಯಬೇಕಾಯಿತು.

ತಪ್ಪು ಎಲ್ಲಿ ಆಗಿತ್ತು ಎಂದು ತಿಳಿಯಲು ಸೌದೆ ಹೇಗೆ ಉರಿಯುತ್ತದೆ ಎಂದು ನೋಡಬೇಕು. ಮರದಲ್ಲಿ ಮುಖ್ಯವಾಗಿ ಮೂರು ವಸ್ತು: ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್. ಸೌದೆ ಬಿಸಿಯಾದಾಗ ಮೊದಲು ಅದರೊಳಗಿನ ನೀರು ಆವಿಯಾಗಬೇಕು. ಅದು ಮುಗಿಯುವ ತನಕ ಬೆಂಕಿಯ ಶಾಖವೆಲ್ಲ ನೀರಿಗೇ ಖರ್ಚು. ಆಮೇಲೆ 200 ಡಿಗ್ರಿ ದಾಟಿದಂತೆ ಈ ವಸ್ತುಗಳು ಒಡೆದು ಅನಿಲಗಳಾಗುತ್ತವೆ. ನಾವು ಜ್ವಾಲೆ ಎನ್ನುವುದು ಈ ಅನಿಲ ಉರಿಯುವುದನ್ನೇ. ಮೊದಲಿನ ಎರಡು ವಸ್ತುಗಳು ಸಕ್ಕರೆ ಕಣಗಳ ಸರಪಣಿಗಳು. ಅವು ಒಡೆದಾಗ ಮಾಂಸಕ್ಕೆ ಹೊಂಬಣ್ಣ ಮತ್ತು ಸಿಹಿಯಾದ ಘಮ ಬರುತ್ತದೆ. ಲಿಗ್ನಿನ್ ಒಡೆದಾಗ ಗ್ವಾಯಕಾಲ್, ಸಿರಿಂಗಾಲ್ ಎಂಬ ಎರಡು ಹುಟ್ಟುತ್ತವೆ. ಮೊದಲನೆಯದು ನಾಲಗೆಗೆ ಸಿಗುವ ಹೊಗೆಯ ರುಚಿ, ಎರಡನೆಯದು ಮೂಗಿಗೆ ಸಿಗುವ ಪರಿಮಳ.

ಬೆಂಕಿ ಚಿಕ್ಕದಾಗಿದ್ದು ಗಾಳಿ ಸಾಕಷ್ಟು ಸಿಕ್ಕಿದರೆ ಕೆಟ್ಟ ಪದಾರ್ಥಗಳು ಸುಟ್ಟು ಹೋಗಿ ಈ ಪರಿಮಳದ ಅಂಶ ಉಳಿಯುತ್ತದೆ. ಸೌದೆ ಹಸಿಯಿದ್ದರೆ, ಅಥವಾ ಗಾಳಿಯ ದಾರಿ ಮುಚ್ಚಿದರೆ, ಅರ್ಧ ಉರಿದ ಟಾರಿನಂಥ ಹನಿಗಳು ಬಿಳಿ ಹೊಗೆಯಾಗಿ ಎದ್ದು ಮಾಂಸದ ಮೇಲೆ ಕೂರುತ್ತವೆ. ಅದರ ಹೆಸರು ಕ್ರಿಯೊಸೋಟ್. ನನ್ನ ಕೋಳಿಯ ಮೇಲೆ ಹೊಳೆಯುತ್ತಿದ್ದದ್ದು ಅದೇ.

ಒಳ್ಳೆಯ ಹೊಗೆ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ತೋಟದ ಕಡೆಯ ನೆರಳನ್ನು ಹಿನ್ನೆಲೆಗಿಟ್ಟುಕೊಂಡು ಚಿಮಣಿಯ ಬಾಯನ್ನು ಓರೆಯಾಗಿ ನೋಡಿದರೆ ತಿಳಿನೀಲಿ ಎಳೆಯೊಂದು ನಡುಗುವುದು ಕಾಣುತ್ತದೆ. ಅದು ಬಂದ ಮೇಲೆಯೇ ಮಾಂಸ ಒಳಗಿಡಬೇಕು. ಮೂಗಿಗೂ ಒಂದು ಪರೀಕ್ಷೆ ಇದೆ. ಹೊಗೆಯ ವಾಸನೆಗೆ ಹಸಿವಾದರೆ ಸರಿ, ಕಣ್ಣು ಉರಿದು ಗಂಟಲು ಕೆರೆದರೆ ಇನ್ನೂ ಕಾಯಬೇಕು. ಬೆಂಕಿ ಹೊತ್ತಿಸಿ ಅರ್ಧ ಗಂಟೆ ಸುಮ್ಮನೆ ಕೂರುವ ತಾಳ್ಮೆ ಇದ್ದವರಿಗೆ ಅರ್ಧ ವಿದ್ಯೆ ಬಂದಂತೆ.

ಯಾವ ಸೌದೆ

ಅಮೆರಿಕದವರು ಹಿಕರಿ, ಓಕ್, ಸೇಬಿನ ಮರ ಎನ್ನುತ್ತಾರೆ. ಆನ್‌ಲೈನ್‌ನಲ್ಲಿ ಆ ಚಕ್ಕೆಗಳನ್ನು ದುಬಾರಿ ಬೆಲೆಗೆ ತರಿಸುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ, ನಮ್ಮ ಹಿತ್ತಲಲ್ಲೇ ಇರುವುದನ್ನು ಬಿಟ್ಟು. ಪೇರಲೆ ಮರದ ಕೊಂಬೆ ಕೋಳಿಗೂ ಮೀನಿಗೂ ಬಹಳ ಚೆನ್ನ, ಹೊಗೆ ಸೌಮ್ಯ. ಕಾಫಿ ತೋಟದಲ್ಲಿ ಚಿಗುರು ಸವರುವಾಗ, ಹಳೆ ಗಿಡ ಕಿತ್ತಾಗ ಸಿಗುವ ಕಾಫಿ ಗಿಡದ ಬೊಡ್ಡೆ ಗಟ್ಟಿ ಮರ, ನಿಧಾನ ಉರಿಯುತ್ತದೆ, ಹಂದಿಗೆ ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಕೊಪ್ಪ, ಶೃಂಗೇರಿ ಕಡೆ ನೆಂಟರಿದ್ದರೆ ಒಂದು ಮೂಟೆ ಕೇಳಿ ತರಿಸಿಕೊಳ್ಳಿ. ಹಲಸು, ಮಾವು, ಹುಣಸೆ ಕೂಡ ಚೆನ್ನಾಗಿ ಒಣಗಿದ್ದರೆ ಆಗುತ್ತದೆ. ಇನ್ನೊಂದು ಸಂಗತಿ: ಟೆಕ್ಸಾಸ್‌ನವರು ಹೆಮ್ಮೆಯಿಂದ ಹೇಳುವ ಮೆಸ್ಕೀಟ್ ಮರ ನಮ್ಮ ಬಯಲುಸೀಮೆಯ ಬಳ್ಳಾರಿ ಜಾಲಿಯ ಹತ್ತಿರದ ಬಂಧು. ಆದ್ದರಿಂದ ಜಾಲಿ ಇದ್ದಿಲು ಸಿಕ್ಕರೆ ಬಿಡಬೇಡಿ. ಅದರ ಸೌದೆಯ ಹೊಗೆ ಮಾತ್ರ ಖಾರ, ಒಂದು ತುಂಡು ಸಾಕು.

ಬೇಡದ ಮರಗಳ ಪಟ್ಟಿ ಮಲೆನಾಡಲ್ಲಿ ಉದ್ದ. ನೀಲಗಿರಿಯ ಎಣ್ಣೆ ಮಾಂಸಕ್ಕೆ ಔಷಧದ ವಾಸನೆ ಹತ್ತಿಸುತ್ತದೆ. ರಾಳ ಸುರಿಸುವ ಧೂಪದ ಮರ, ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ಬೇಡ. ಹೊಳಿಗಾರ, ಗೇರು ಇವುಗಳ ಸೊನೆ ತಾಗಿದರೇ ಮೈ ಬೊಬ್ಬೆ ಏಳುತ್ತದೆ, ಹೊಗೆಯನ್ನು ಊಟಕ್ಕೆ ಬಳಸುವುದು ಎಲ್ಲಿ ಬಂತು. ಕಾಸರಕ, ಕಣಗಿಲೆ ನೇರ ವಿಷ. ಗುರುತು ಸಿಗದ ಕಾಡುಕಟ್ಟಿಗೆ ಬಚ್ಚಲ ಹಂಡೆ ಒಲೆಗಿರಲಿ, ಮಾಂಸದ ಹತ್ತಿರ ಬೇಡ. ಬಣ್ಣ, ವಾರ್ನಿಷ್, ಗೆದ್ದಲಿನ ಔಷಧಿ ಕಂಡ ಮರ, ಪ್ಲೈವುಡ್ ತುಂಡು, ಇವನ್ನೂ ದೂರ ಇಡಿ.

ಇನ್ನು ಒಣಗಿಸುವ ವಿಷಯ. ಸೌದೆಯಲ್ಲಿ ನೀರಿನಂಶ ನೂರಕ್ಕೆ 20ಕ್ಕಿಂತ ಕೆಳಗಿರಬೇಕು. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಅಕ್ಕಪಕ್ಕದಲ್ಲಿ ಇದೇ ದೊಡ್ಡ ಕಷ್ಟ. ಜನವರಿಯಲ್ಲೇ ಕಡಿದು, ತೋಳಿನ ಅರ್ಧ ದಪ್ಪಕ್ಕೆ ಸೀಳಿ, ಗಾಳಿಯಾಡುವಂತೆ ಪೇರಿಸಿ, ಜೂನ್‌ಗೆ ಮೊದಲು ಒಳಗೆ ಸೇರಿಸಬೇಕು. ಎರಡು ತುಂಡು ಒಂದಕ್ಕೊಂದು ಬಡಿದಾಗ 'ಟಣ್' ಎಂದರೆ ಒಣಗಿದೆ, 'ದಬ್' ಎಂದರೆ ಇಲ್ಲ. ಅಜ್ಜಿಯ ಅಟ್ಟ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ: ಮಾಂಸ ಬೇಡ, ಸೌದೆ ಅಲ್ಲಿಡಿ. ಚಕ್ಕೆಯನ್ನು ನೀರಲ್ಲಿ ನೆನೆಸಿ ಹಾಕಿ ಎಂದು ಬಹಳ ಕಡೆ ಹೇಳುತ್ತಾರೆ, ನಂಬಬೇಡಿ. ನೀರು ಆರುವ ತನಕ ಬರುವುದು ಆವಿ ಮತ್ತು ಹೊಲಸು ಹೊಗೆ, ಬೆಂಕಿಯೂ ತಣ್ಣಗಾಗುತ್ತದೆ.

ಸಾಮಾನು

ಮೊದಲು ಕೊಳ್ಳಬೇಕಾದದ್ದು ಥರ್ಮಾಮೀಟರ್, ಅದೂ ಎರಡು. ಒಂದು ಮಾಂಸದ ನಡುವಿಗೆ ಚುಚ್ಚಲು, ಇನ್ನೊಂದು ಮಾಂಸ ಕೂತ ಜಾಲರಿಯ ಮಟ್ಟದ ಗಾಳಿಯ ಬಿಸಿ ನೋಡಲು. ತಂತಿಯ ಕೊನೆಗೆ ಎರಡು ಮೊಳೆ ಇರುವ ಡಿಜಿಟಲ್ ಥರ್ಮಾಮೀಟರ್ ಒಂದೇ ಈ ಎರಡೂ ಕೆಲಸ ಮಾಡುತ್ತದೆ. ಮುಚ್ಚಳದ ಮೇಲೆ ಕೂರಿಸಿ ಕೊಡುವ ಮುಳ್ಳಿನ ಮೀಟರನ್ನು ನೆಚ್ಚಿಕೊಳ್ಳಬೇಡಿ. ಅದು ತೋರಿಸುವುದು ಮುಚ್ಚಳದ ಬಿಸಿ, ಮಾಂಸ ಇರುವ ಜಾಗದ್ದಲ್ಲ. ಎರಡರ ನಡುವೆ ಇಪ್ಪತ್ತು ಮೂವತ್ತು ಡಿಗ್ರಿ ಅಂತರ ಬರುವುದು ಮಾಮೂಲು.

ಹೊಸ ಥರ್ಮಾಮೀಟರ್ ಸರಿಯಿದೆಯೇ ಎಂದು ಮನೆಯಲ್ಲೇ ನೋಡಬಹುದು. ಲೋಟದ ತುಂಬ ಪುಡಿಮಾಡಿದ ಐಸ್, ಅದರ ಸಂದಿ ತುಂಬುವಷ್ಟು ನೀರು ಹಾಕಿ ಕಲಕಿ ಮೊಳೆ ಅದ್ದಿದರೆ 0 ತೋರಿಸಬೇಕು. ಕುದಿಯುವ ನೀರಿಗೆ ಹಿಡಿದಾಗ 100 ಬರಲಿಲ್ಲ ಎಂದು ಗಾಬರಿಯಾಗಬೇಡಿ. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಮೇಲಿದೆ, ಆಗುಂಬೆ ಇನ್ನೂ ಸ್ವಲ್ಪ ಮೇಲೆ. ಇಲ್ಲಿ 98ರ ಹತ್ತಿರ ತೋರಿಸಿದರೆ ಥರ್ಮಾಮೀಟರ್ ಸರಿಯಾಗಿದೆ.

ಬೆಂಕಿಯ ಪೆಟ್ಟಿಗೆ ಯಾವುದಾದರೂ ಆಗಬಹುದು, ಅದಕ್ಕೆ ನಾಲ್ಕು ಗುಣ ಇದ್ದರೆ ಸಾಕು: ಕೆಳಗೆ ಗಾಳಿ ಒಳಬರುವ ತೂತು, ಅದನ್ನು ಹಿಗ್ಗಿಸಿ ಕುಗ್ಗಿಸಲು ತಗಡು, ಮೇಲೆ ಹೊಗೆ ಹೋಗುವ ತೂತು, ಬಿಗಿಯಾಗಿ ಕೂರುವ ಮುಚ್ಚಳ. ದುಂಡಗಿನ ಮುಚ್ಚಳದ ಕೆಟಲ್ ಗ್ರಿಲ್ ಹೊಸಬರಿಗೆ ಒಳ್ಳೆಯದು. 1952ರಲ್ಲಿ ಜಾರ್ಜ್ ಸ್ಟೀಫನ್ ಎಂಬ ಅಮೆರಿಕದ ಕೆಲಸಗಾರ ಹಡಗುಗಳಿಗೆ ದಾರಿ ತೋರುವ ಬೋಯ್‌ನ ಲೋಹದ ಗೋಲವನ್ನು ಎರಡಾಗಿ ಕತ್ತರಿಸಿ ಮಾಡಿದ ಒಲೆ ಇದರ ಮೂಲ. ವೆಲ್ಡಿಂಗ್ ಅಂಗಡಿಯಲ್ಲಿ 200 ಲೀಟರ್ ಕಬ್ಬಿಣದ ಡ್ರಮ್ಮಿಗೆ ತೂತು ಕೊರೆಸಿ, ಎರಡು ಸರಳು ಅಡ್ಡ ಹಾಕಿಸಿಕೊಂಡರೂ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಡ್ರಮ್ಮಿನ ಪೂರ್ವೇತಿಹಾಸ ಕೇಳಲೇಬೇಕು. ಅಡಿಕೆ ತೋಟದ ಊರು ನಮ್ಮದು. ಮೈಲುತುತ್ತ, ಕೀಟನಾಶಕ, ಡಾಂಬರು ಕಂಡ ಡ್ರಮ್ಮುಗಳೇ ಎಲ್ಲ ಕಡೆ ಬಿದ್ದಿರುತ್ತವೆ. ಅವು ಎಷ್ಟು ತೊಳೆದರೂ ಬೇಡ. ತಿನ್ನುವ ಎಣ್ಣೆ ಅಥವಾ ಹಣ್ಣಿನ ರಸ ತುಂಬಿದ್ದ ಡ್ರಮ್ಮು ಹುಡುಕಿ, ಒಳಗೆ ಜೋರು ಬೆಂಕಿ ಹಾಕಿ ಲೇಪವೆಲ್ಲ ಸುಟ್ಟುಹೋಗುವಂತೆ ಮಾಡಿ, ಉಜ್ಜಿ ತೊಳೆದು ಬಳಸಿ. ಸತು ಲೇಪಿಸಿದ ಜಾಲರಿ, ಜಿಂಕ್ ಶೀಟು ಬಿಸಿಯಾದರೆ ಅದರ ಹೊಗೆ ಜ್ವರ ತರಿಸುತ್ತದೆ, ಸ್ಟೀಲ್ ಜಾಲರಿಯೇ ಇರಲಿ. ಕಲ್ಲಲ್ಲಿ ಕಟ್ಟುವವರಿಗೆ ಒಂದು ಮಾತು: ಹೊಳೆಯಿಂದ ತಂದ ದುಂಡು ಕಲ್ಲು ಬೆಂಕಿಯ ಹತ್ತಿರ ಇಡಬೇಡಿ. ಒಳಗೆ ಸಿಕ್ಕಿಕೊಂಡ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ.

ಉಳಿದದ್ದೆಲ್ಲ ಸಣ್ಣಪುಟ್ಟ ಸಾಮಾನು. ಉದ್ದ ಚಿಮುಟ, ದಪ್ಪ ತೊಗಲಿನ ಕೈಗವಸು, ನೀರಿನ ತಟ್ಟೆ, ಬೂದಿ ತೆಗೆಯುವ ಸಲಿಕೆ, ಪಕ್ಕದಲ್ಲೊಂದು ಬಕೆಟ್ ನೀರು. ಇದ್ದಿಲು ಹೊತ್ತಿಸಲು ಸೀಮೆಎಣ್ಣೆ ಸುರಿದರೆ ಅದರ ವಾಸನೆ ಊಟದ ತನಕ ಬರುತ್ತದೆ. ಹಳೆಯ ದೊಡ್ಡ ಡಬ್ಬದ ಎರಡೂ ಬಾಯಿ ಬಿಚ್ಚಿ, ಬುಡದ ಸುತ್ತ ತೂತು ಹೊಡೆದು, ಒಳಗೆ ನಡುವಲ್ಲಿ ತಂತಿ ಅಡ್ಡ ಹಾಯಿಸಿ ಮೇಲೆ ಇದ್ದಿಲು ತುಂಬಿ. ಕೆಳಗೆ ಕಾಗದದ ಉಂಡೆಯೋ ತೆಂಗಿನ ನಾರೋ ಹೊತ್ತಿಸಿದರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಕೆಂಡ ತಯಾರು.

ಬೆಂಕಿ ಹಿಡಿತಕ್ಕೆ ಬರುವುದು

ಒಂದು ಬದಿಗೆ ಇನ್ನೂ ಹೊತ್ತಿಸದ ಇದ್ದಿಲು ರಾಶಿ ಹಾಕಿ. ಅದರ ಮೇಲೆ ಹತ್ತು ಹನ್ನೆರಡು ಕೆಂಡ ಮಾತ್ರ ಇಡಿ. ಬೆಂಕಿ ಮೇಲಿಂದ ಕೆಳಕ್ಕೆ ನಿಧಾನ ಇಳಿಯುತ್ತ ಗಂಟೆಗಟ್ಟಲೆ ಒಂದೇ ಸಮ ಉರಿಯುತ್ತದೆ. ಇನ್ನೊಂದು ಬದಿಗೆ ಕೆಳಗೆ ನೀರಿನ ತಟ್ಟೆ, ಅದರ ಮೇಲೆ ಜಾಲರಿಯಲ್ಲಿ ಮಾಂಸ. ಮೇಲಿನ ತೂತು ಮಾಂಸದ ನೇರಕ್ಕೆ ಬರುವಂತೆ ಮುಚ್ಚಳ ತಿರುಗಿಸಿ. ಹೊಗೆ ಮಾಂಸವನ್ನು ಸವರಿಕೊಂಡೇ ಹೊರಗೆ ಹೋಗಬೇಕು.

ಗಾಳಿಯ ವಿಷಯದಲ್ಲಿ ಒಂದು ನಿಯಮ ಮರೆಯಬೇಡಿ. ಬಿಸಿ ಏರಿಸುವುದು ಇಳಿಸುವುದು ಕೆಳಗಿನ ತೂತಿನಿಂದ, ಮೇಲಿನದು ತೆರೆದೇ ಇರಬೇಕು. ಮೇಲಿನದನ್ನು ಮುಚ್ಚಿದರೆ ಹೊಗೆ ಒಳಗೇ ಕೊಳೆಯುತ್ತದೆ, ಮತ್ತೆ ಇಲ್ಲಣದ ವಾಸನೆ. ಗಾಳಿ 100 ಡಿಗ್ರಿ ಮುಟ್ಟುತ್ತಿದ್ದಂತೆ ಕೆಳಗಿನ ತೂತನ್ನು ಕಾಲುಭಾಗಕ್ಕೆ ಇಳಿಸಿ, 110ರ ಹತ್ತಿರ ಅದು ತಾನೇ ನಿಲ್ಲುತ್ತದೆ. 150ಕ್ಕೆ ಹೋದದ್ದನ್ನು ಕೆಳಗಿಳಿಸಲು ಬಹಳ ಹೊತ್ತು ಬೇಕು. ತೂತು ಅಲುಗಿಸಿದ ಮೇಲೆ ಹದಿನೈದು ನಿಮಿಷ ಕಾದು ನೋಡಿ, ಪರಿಣಾಮ ತಡವಾಗಿಯೇ ಕಾಣುವುದು. ಮುಚ್ಚಳ ಪದೇ ಪದೇ ತೆಗೆಯಬೇಡಿ. ತೆಗೆದಾಗ ಬಿಸಿಯೆಲ್ಲ ಹೊರಗೆ ಹೋಗುತ್ತದೆ, ಜೊತೆಗೆ ಒಳನುಗ್ಗಿದ ಗಾಳಿಗೆ ಇದ್ದಿಲು ಭಗ್ಗನೆ ಏಳುತ್ತದೆ.

ಹೊಗೆಗೆಂದು ಹಾಕುವ ಸೌದೆ ಮುಷ್ಟಿ ಗಾತ್ರದ ಎರಡು ಮೂರು ತುಂಡು, ಅಷ್ಟೇ. ತಣ್ಣಗಿರುವ, ತೇವದ ಮೇಲ್ಮೈಗೆ ಹೊಗೆ ಚೆನ್ನಾಗಿ ಅಂಟುತ್ತದೆ. ಹಾಗಾಗಿ ಫ್ರಿಜ್ಜಿನಿಂದ ತೆಗೆದ ಮಾಂಸವನ್ನು ನೇರ ಇಡಬಹುದು. ಮೊದಲ ಎರಡು ಗಂಟೆಯಲ್ಲಿ ಹಿಡಿಯಬೇಕಾದ ಹೊಗೆಯೆಲ್ಲ ಬಹುಮಟ್ಟಿಗೆ ಹಿಡಿದಿರುತ್ತದೆ. ಮೇಲೆ ಗಟ್ಟಿ ಪದರ ಕಟ್ಟಿದ ನಂತರ ಎಷ್ಟು ಸೌದೆ ಹಾಕಿದರೂ ಕಹಿಯೇ ಹೆಚ್ಚುವುದು.

ಕೋಳಿಯಿಂದ ಶುರು ಮಾಡಿ

ಮೊದಲ ಸಲಕ್ಕೆ ಕೋಳಿ ಕಾಲು ತನ್ನಿ, ಚರ್ಮ ಸಮೇತ. ನಾಟಿ ಕೋಳಿ ಬೇಡ. ಅದರಲ್ಲಿ ಕೊಬ್ಬು ಕಡಿಮೆ, ಮಾಂಸ ಬಿಗಿ, ಒಣ ಶಾಖದಲ್ಲಿ ಹಗ್ಗದಂತಾಗುತ್ತದೆ. ನಾಟಿ ಕೋಳಿಗೆ ಸಾರು, ಜೊತೆಗೆ ಕಡುಬು, ಅದೇ ಅದರ ಸದ್ಗತಿ. ಹಿಂದಿನ ರಾತ್ರಿ ಕಿಲೋಗೆ 15 ಗ್ರಾಂ ಉಪ್ಪು ಸವರಿ, ಮುಚ್ಚದೆ ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿಡಿ. ಉಪ್ಪು ಮೊದಲು ನೀರು ಎಳೆಯುತ್ತದೆ, ಆಮೇಲೆ ಆ ಉಪ್ಪುನೀರು ವಾಪಸು ಒಳಗೆ ಹೋಗುತ್ತದೆ. ಬೆಳಗಾಗುವಷ್ಟರಲ್ಲಿ ಚರ್ಮ ಆರಿರುತ್ತದೆ. ಸ್ಮೋಕ್ ಮಾಡುವ ಮುಂಚೆ ಒಡೆದ ಕಾಳುಮೆಣಸು, ಬ್ಯಾಡಗಿ ಮೆಣಸಿನ ಪುಡಿ, ಚಿಟಿಕೆ ಬೆಲ್ಲ ಹಚ್ಚಿ. ಕೋಳಿಗೆ ಮಾತ್ರ ಬಿಸಿ ಸ್ವಲ್ಪ ಹೆಚ್ಚಿರಲಿ, 140ರ ಆಸುಪಾಸು. 110ರಲ್ಲಿ ಚರ್ಮ ರಬ್ಬರಿನಂತಾಗುತ್ತದೆ. ಒಂದೂವರೆಯಿಂದ ಎರಡು ಗಂಟೆ ಸಾಕು. ಮೂಳೆಗೆ ತಾಗದಂತೆ ಚುಚ್ಚಿದ ಮೊಳೆ 74 ಡಿಗ್ರಿ ದಾಟಲೇಬೇಕು, ಕಾಲಿಗೆ 80 ದಾಟಿದರೆ ಇನ್ನೂ ಮೆತ್ತಗೆ. ಕತ್ತರಿಸಿದಾಗ ಅಂಚಿನಲ್ಲಿ ನಸುಗೆಂಪು ಕಂಡರೆ ಬೆಂದಿಲ್ಲ ಎಂದು ತಿಳಿಯಬೇಡಿ. ಬೆಂಕಿಯಲ್ಲಿ ಹುಟ್ಟುವ ನೈಟ್ರಿಕ್ ಆಕ್ಸೈಡ್ ಮಾಂಸದ ಕೆಂಪು ಬಣ್ಣವನ್ನು ಹಿಡಿದು ನಿಲ್ಲಿಸುತ್ತದೆ. ಬಣ್ಣ ನೋಡಿ ತೀರ್ಮಾನ ಮಾಡುವ ಅಭ್ಯಾಸವನ್ನೇ ಬಿಡಬೇಕು, ಥರ್ಮಾಮೀಟರ್ ಇರುವುದು ಅದಕ್ಕೇ.

ಹಂದಿ: ತಾಳ್ಮೆಯ ಕೆಲಸ

ಕೋಳಿ ಎರಡು ಮೂರು ಸಲ ಸರಿಬಂದ ಮೇಲೆ ಹಂದಿಯ ಹೆಗಲ ಭಾಗಕ್ಕೆ ಹೋಗಿ. ಅಂಗಡಿಯಲ್ಲಿ ಬಾಯಿ ಬಿಟ್ಟು ಹೇಳಬೇಕು, "ಅಣ್ಣ, ಮುಂಗಾಲಿನ ಮೇಲಿನ ಭಾಗ, ಎರಡು ಕಿಲೋ, ಒಂದೇ ತುಂಡು. ಕೊಚ್ಚಬೇಡಿ." ಹೇಳುವುದು ಅರೆಕ್ಷಣ ತಡವಾದರೂ ಕತ್ತಿ ಬಿದ್ದಿರುತ್ತದೆ, ಇಲ್ಲಿ ಎಲ್ಲರೂ ಕೊಳ್ಳುವುದು ಸಾರಿನ ತುಂಡು.

ಹೆಗಲ ಭಾಗ ದಿನವಿಡೀ ದುಡಿಯುವ ಸ್ನಾಯು, ಅದರ ತುಂಬ ಕೊಲಾಜೆನ್ ಎಂಬ ನಾರು. 70 ಡಿಗ್ರಿಗೆ ಮಾಂಸ ಬೆಂದಿರುತ್ತದೆ, ತಿನ್ನಲು ಮಾತ್ರ ಚಪ್ಪಲಿಯಂತೆ. ಅಲ್ಲಿಂದ ಮುಂದೆ ಗಂಟೆಗಟ್ಟಲೆ ಬಿಸಿಯಲ್ಲಿದ್ದಾಗ ಆ ನಾರು ಕರಗಿ ಜೆಲಟಿನ್ ಆಗುತ್ತದೆ. ಒಳಗಿನ ಬಿಸಿ 93 ಡಿಗ್ರಿ ಮುಟ್ಟುವ ಹೊತ್ತಿಗೆ ಕಡ್ಡಿ ಚುಚ್ಚಿದರೆ ಬೆಣ್ಣೆಗೆ ಚುಚ್ಚಿದಂತೆ ಇಳಿಯಬೇಕು. ಎರಡು ಕಿಲೋ ತುಂಡಿಗೆ 115 ಡಿಗ್ರಿಯಲ್ಲಿ ಏಳೆಂಟು ಗಂಟೆ ಇಟ್ಟುಕೊಳ್ಳಿ. ಬೆಳಗಿನ ತಿಂಡಿಗೆ ಮುಂಚೆ ಬೆಂಕಿ ಹಾಕಿದರೆ ರಾತ್ರಿ ಊಟಕ್ಕೆ ಸಿಗುತ್ತದೆ.

ನಡುವೆ ಒಂದು ಕಡೆ ಹೊಸಬರೆಲ್ಲ ಕಂಗಾಲಾಗುತ್ತಾರೆ. ಚೆನ್ನಾಗಿ ಏರುತ್ತಿದ್ದ ಬಿಸಿ 65, 70ರ ಹತ್ತಿರ ಬಂದು ನಿಂತುಬಿಡುತ್ತದೆ. ಒಂದು ಗಂಟೆ, ಎರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು. ಬೆಂಕಿ ಆರಿತೆಂದು ತಿಳಿದು ಇದ್ದಿಲು ಸುರಿದು ಕೆಡಿಸಿಕೊಳ್ಳುವುದು ಇಲ್ಲೇ. ಆಗುತ್ತಿರುವುದು ಇಷ್ಟು: ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದು ಏಕೆ? ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುತ್ತ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಮಾಂಸವೂ ಹಾಗೆಯೇ ಬೆವರುತ್ತದೆ. ಬೆಂಕಿ ಕೊಟ್ಟಷ್ಟು ಬಿಸಿಯನ್ನು ಬೆವರು ತೆಗೆದುಕೊಂಡು ಹೋಗುತ್ತಿದ್ದರೆ ಒಳಗಿನ ಮೀಟರು ಏರುವುದಾದರೂ ಹೇಗೆ? ಹೊರಮೈಯ ನೀರು ತೀರಿದ ಮೇಲೆ ತಾನಾಗಿ ಮತ್ತೆ ಏರುತ್ತದೆ.

ಕಾಯಲಾಗದಿದ್ದರೆ ಸುತ್ತಿಬಿಡಿ. ಅಮೆರಿಕದವರು ಅಲ್ಯೂಮಿನಿಯಂ ಹಾಳೆ ಬಳಸುತ್ತಾರೆ. ನಾನು ಬಾಳೆಎಲೆಯನ್ನು ಕೆಂಡದ ಮೇಲೆ ಬಾಡಿಸಿ, ಮೂರು ಪದರ ಸುತ್ತಿ, ಬಾಳೆ ನಾರಿನಿಂದಲೇ ಕಟ್ಟುತ್ತೇನೆ. ಬೆವರು ಒಳಗೇ ಉಳಿದು ಬಿಸಿ ಮೇಲೇರುತ್ತದೆ, ಎಲೆಯ ಪರಿಮಳವೂ ಸೇರುತ್ತದೆ. ಮೇಲಿನ ಪದರ ಕಪ್ಪಾದರೂ ಚಿಂತೆಯಿಲ್ಲ. ಇಳಿಸಿದ ಮೇಲೆ ಎಲೆ ಸಮೇತ ಒಂದು ಪಾತ್ರೆಯಲ್ಲಿ ಮುಚ್ಚಿ ಅರ್ಧ ಮುಕ್ಕಾಲು ಗಂಟೆ ಬಿಡಿ, ರಸ ಒಳಗೆ ನಿಲ್ಲಲಿ. ಬಿಡಿಸಿದ ಎಳೆಗಳಿಗೆ ಉಪ್ಪಾಗೆ ಹುಳಿ ಎರಡು ಚಮಚ, ಜೋನಿ ಬೆಲ್ಲ ಒಂದು ಚಮಚ, ಜಜ್ಜಿದ ಸೂಜಿಮೆಣಸು ಕಲಸಿ. ಅಕ್ಕಿ ರೊಟ್ಟಿಯ ಮೇಲಿಟ್ಟು ಸುರುಳಿ ಸುತ್ತಿ ತಿನ್ನಿ.

ಮಲ್ಪೆ ಕಡೆಯಿಂದ ಘಾಟಿ ಹತ್ತಿ ಬರುವ ಬಂಗುಡೆಗೂ ಈ ವಿದ್ಯೆ ಚೆನ್ನಾಗಿ ಒಪ್ಪುತ್ತದೆ, ಎಣ್ಣೆ ಇರುವ ಮೀನು. 100 ಡಿಗ್ರಿಯಲ್ಲಿ ಒಂದು ಗಂಟೆ, ಒಳಗೆ 63 ದಾಟಿದರೆ ಮುಗಿಯಿತು. ಐಸಿನಲ್ಲೇ ಬಂದ ಮೀನು ಮಾತ್ರ ತನ್ನಿ. ಬೆಚ್ಚಗಾದ ಬಂಗುಡೆಯಲ್ಲಿ ಹಿಸ್ಟಮೀನ್ ಸೇರಿಕೊಂಡರೆ ಅದನ್ನು ಬೆಂಕಿಯೂ ತೆಗೆಯದು, ಹೊಗೆಯೂ ತೆಗೆಯದು. ಮೈಯೆಲ್ಲ ಕೆಂಪಾಗಿ ತುರಿಸುವುದು ಅದರಿಂದಲೇ.

ಜೀವಕ್ಕೆ ಸಂಬಂಧಿಸಿದ ಕೆಲವು ಮಾತು

ಮಳೆ ಬಂತೆಂದು ಸ್ಮೋಕರನ್ನು ಎಂದೂ ಒಳಗೆ ಎಳೆದುಕೊಳ್ಳಬೇಡಿ. ಬಚ್ಚಲುಮನೆ, ಬಾಗಿಲು ಹಾಕಿದ ಕೊಟ್ಟಿಗೆ, ಮೂರು ಕಡೆ ಶೀಟು ಹೊಡೆದ ಜಗಲಿ, ಯಾವುದೂ ಬೇಡ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರು ಏಳುವುದಿಲ್ಲ. ಬೇಸಿಗೆಯಲ್ಲಿ ದರಗು, ಹುಲ್ಲಿನ ಬಣವೆ ಇರುವ ಕಡೆಯಿಂದ ದೂರ ಇರಿ. ಬೂದಿಯಲ್ಲಿ ಕೆಂಡ ಮರುದಿನದ ತನಕವೂ ಬದುಕಿರುತ್ತದೆ, ನೀರು ಹಾಕಿ ಆರಿಸಿಯೇ ಚೆಲ್ಲಿ.

5ರಿಂದ 60 ಡಿಗ್ರಿಯ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ದೊಡ್ಡ ತುಂಡು ಇಟ್ಟ ನಾಲ್ಕು ಗಂಟೆಯೊಳಗೆ ಒಳಗಿನ ಬಿಸಿ 60 ದಾಟಬೇಕು. ಮೊದಲ ಬಾರಿಗೆ ಐದು ಕಿಲೋ ತುಂಡು ಬೇಡ ಎನ್ನುವುದು ಇದೇ ಕಾರಣಕ್ಕೆ. ಹಂದಿಯಲ್ಲಿ ಲಾಡಿಹುಳುವಿನ ಭಯವೂ ಇದೆ, ಯಾವ ಭಾಗವಾದರೂ 71ಕ್ಕಿಂತ ಕೆಳಗೆ ಇಳಿಸಬೇಡಿ.

ಉಪ್ಪುಖಂಡದ ಮಾತು ಬಂದಾಗ ಹಿರಿಯರು ಕಡವೆ, ಕಾಡುಹಂದಿಯ ಕತೆ ಹೇಳುತ್ತಾರೆ. ಆ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಆ ಬೇಟೆ ಅಪರಾಧ. ಸಾಕಿದ ಪ್ರಾಣಿಯ ಮಾಂಸದಲ್ಲೇ ಈ ರುಚಿಯೆಲ್ಲ ಸಿಗುತ್ತದೆ.

ದಿನಾ ತಿನ್ನುವ ಪದಾರ್ಥವೂ ಇದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು, ಹೊಗೆ ಹಾಕಿ ಕಾಪಿಟ್ಟದ್ದೂ ಸೇರಿದಂತೆ, ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ನೂರಕ್ಕೆ 18ರಷ್ಟು ಹೆಚ್ಚುತ್ತದೆ ಎಂಬುದು ಅವರ ಲೆಕ್ಕ. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಏಳುವ ಹೊಗೆಯಲ್ಲೂ ಕೆಟ್ಟ ಅಂಶಗಳಿರುತ್ತವೆ, ಕೆಳಗೆ ನೀರಿನ ತಟ್ಟೆ ಇಡುವುದಕ್ಕೆ ಅದೂ ಒಂದು ಕಾರಣ. ನಮ್ಮ ಮನೆಯಲ್ಲಿ ತಿಂಗಳಿಗೊಂದು ಸಲ, ನಾಲ್ಕು ಜನ ಬಂದಾಗ ಮಾಡುತ್ತೇವೆ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ದಿನದಲ್ಲಿ ಮುಗಿಸಿ. "ಹೊಗೆ ಹಾಕಿದ್ದಲ್ವಾ, ಕೆಡಲ್ಲ ಬಿಡೋ" ಎಂದು ಹಿರಿಯರು ಹೇಳುವುದು ಅಟ್ಟದ ಮಾಂಸಕ್ಕೆ ಸರಿ, ಇದಕ್ಕಲ್ಲ. ಇದರಲ್ಲಿ ಉಪ್ಪು ಕಡಿಮೆ, ರಸ ಹೆಚ್ಚು. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದ ವಾರದಲ್ಲಿ ಹೆಚ್ಚು ಮಾಡಲೇಬೇಡಿ. ಎಲ್ಲ ಬಿಡಿಸಿಕೊಂಡ ಮೇಲೆ ಉಳಿಯುವ ಮೂಳೆಯನ್ನು ಮಾತ್ರ ಎಸೆಯಬೇಡಿ. ಮರುದಿನ ಹುರುಳಿಕಾಳಿನ ಜೊತೆ ಬೇಯಿಸಿ ಸಾರು ಮಾಡಿದರೆ, ಒಗ್ಗರಣೆ ಹಾಕುವ ಮೊದಲೇ ಪಾತ್ರೆಯಿಂದ ಆ ಹಳೆಯ ಅಡುಗೆಮನೆಯ ವಾಸನೆ ಬರುತ್ತದೆ.